ಮೊದಲು ಸೋರುವ ತಾರಸಿ ಮುಚ್ಚಿ, ಆಮೇಲೆ ಕೆಡವುವ ಮಾತಾಡಿ

ಮಾನ್ಯರೇ,

ಈ ಪತ್ರ ಮೈಸೂರಿನ ಆಡಳಿತ ನೋಡಿಕೊಳ್ಳುವ ಅಧಿಕಾರಿಗಳಿಗೆ, ಹಳೇ ಕಟ್ಟಡಗಳ ಹಣೆಬರಹ ಬರೆಯುವ ಸಮಿತಿಗಳಲ್ಲಿ ಕೂರುವವರಿಗೆ, ಜತೆಗೆ "ಅದೆಲ್ಲ ನಮಗ್ಯಾಕೆ ಬಿಡಿ" ಅಂತ ಪಕ್ಕಕ್ಕೆ ಸರಿಯುವ ನಮ್ಮ ಊರಿನವರಿಗೆ. ವಿಷಯ ಒಂದು ಹಳೇ ಬಂಗಲೆ. ಅದರ ಹೆಸರು, ಬೀದಿ ಇಲ್ಲಿ ಹೇಳುವುದಿಲ್ಲ. ಅದು ಖಾಸಗಿ ಮನೆ, ಆ ಕುಟುಂಬದ ಪಾಲು ಪಾರೀಕತ್ತಿನ ವಿಷಯವನ್ನು ಬೀದಿಗೆ ತರೋದು ನನ್ನ ಕೆಲಸ ಅಲ್ಲ. ಫೈಲು ನಿಮ್ಮ ಹತ್ತಿರವೇ ಇದೆ, ಓದುತ್ತಾ ಹೋದಂತೆ ಯಾವುದು ಅಂತ ನಿಮಗೇ ಗೊತ್ತಾಗುತ್ತದೆ. ಗೊತ್ತಾಗದೇ ಹೋದರೂ ಆಶ್ಚರ್ಯವಿಲ್ಲ, ಯಾಕೆಂದರೆ ಇದೇ ಕಥೆಯ ಫೈಲುಗಳು ನಿಮ್ಮ ಕಪಾಟಿನಲ್ಲಿ ಬೇಕಾದಷ್ಟಿವೆ.

ಹಳೇ ಬಡಾವಣೆಯ ಮೂಲೆ ಸೈಟು. ಎದುರಿಗೆ ಕಮಾನಿನ ಪೋರ್ಟಿಕೋ, ಎರಡು ಕಡೆ ವರಾಂಡ, ಒಳಗೆ ತೊಟ್ಟಿ, ಹಿಂದೆ ಕುದುರೆ ಲಾಯ ಇದ್ದ ಜಾಗ. ಮೂರ್ನಾಲ್ಕು ಮಂದಿ ವಾರಸುದಾರರು, ಅವರಲ್ಲಿ ಇಬ್ಬರು ಈ ಊರಲ್ಲೇ ಇಲ್ಲ. ಅಕ್ಕಪಕ್ಕದ ಮನೆಗಳೆಲ್ಲ ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗಿವೆ. ಈಗ ಇದರ ಸರದಿ. ನೆಲದ ಕೆಳಗೆ ಪಾರ್ಕಿಂಗ್, ಮೇಲೆ ಅಂತಸ್ತಿನ ಮೇಲೆ ಅಂತಸ್ತು, ನಕ್ಷೆ ಸಿದ್ಧವಾಗಿದೆಯಂತೆ. ಅದಕ್ಕೆ ಮುಂಚೆ ಒಂದು ಕಾಗದ ಬೇಕು, "ಕಟ್ಟಡ ಶಿಥಿಲವಾಗಿದೆ, ವಾಸಕ್ಕೆ ಯೋಗ್ಯವಲ್ಲ" ಅಂತ. ಆ ಕಾಗದವೂ ಬಂತು. ಬಂದ ಒಂದೆರಡು ದಿನಕ್ಕೇ ಹಿಂದಿನ ಲಾಯ ನೆಲಸಮ.

ನಾನು ಹೇಳಬೇಕಿರೋದು ಇಷ್ಟೇ. ಹಳೇ ಕಟ್ಟಡ ವಯಸ್ಸಾಯಿತು ಅಂತ ಬೀಳುವುದಿಲ್ಲ. ಸೋರಿ ಬೀಳುತ್ತದೆ. ಸೋರಿಕೆಯನ್ನು ಯಾರೋ ನಿಲ್ಲಿಸದೆ ಬಿಟ್ಟಿರುತ್ತಾರೆ. ಆ "ಯಾರೋ" ಕೆಲವೊಮ್ಮೆ ದುಡ್ಡಿಲ್ಲದ ಮಾಲೀಕ, ಕೆಲವೊಮ್ಮೆ ದುಡ್ಡಿದ್ದೂ ಕಾಯುತ್ತಾ ಕೂತ ಮಾಲೀಕ, ಬಹಳ ಸಲ ಸರ್ಕಾರವೇ. ಹಾಗಾಗಿ ಶಿಥಿಲ ಅಂತ ಸಹಿ ಹಾಕುವ ಮುಂಚೆ ಆ ತಾರಸಿಯ ಮೇಲೆ ಒಂದು ಸಲ ಹತ್ತಿ ನೋಡಿ ಸ್ವಾಮಿ.

ನಾನು ನೋಡಿದ್ದೇನೆ. ನಮ್ಮ ಕಡೆ ಇದಕ್ಕೆ ಮದ್ರಾಸ್ ತಾರಸಿ ಅಂತಾರೆ. ತೇಗದ ತೊಲೆ, ಅದರ ಮೇಲೆ ತೇಗದ ಜಂತೆ, ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಮಗ್ಗುಲಾಗಿ ನಿಲ್ಲಿಸಿ ನಡುವೆ ಗಾರೆ ತುಂಬಿರುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು ಬೆರೆಸಿದ ಗಾರೆಯ ದಪ್ಪ ಪದರ, ಕೋಲಿನಿಂದ ದಿನಗಟ್ಟಲೆ ಬಡಿದು ಕೂರಿಸಿದ್ದು. ಎಲ್ಲಕ್ಕಿಂತ ಮೇಲೆ ಚಪ್ಪಟೆ ಹಂಚು. ಗಾರೆ ಅಂದರೆ ಸುಣ್ಣ, ಮರಳು, ಜತೆಗೆ ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು. ಸರಿಯಾಗಿ ಮಾಡಿದ ಈ ತಾರಸಿ ನೂರು ವರ್ಷ ಆರಾಮಾಗಿ ನಿಲ್ಲುತ್ತದೆ. ಆದರೆ ಅದಕ್ಕೊಂದು ಶರತ್ತಿದೆ. ಮೇಲೆ ನೀರು ನಿಲ್ಲಬಾರದು. ಮಳೆಗಾಲಕ್ಕೆ ಮುಂಚೆ ಯಾರಾದರೂ ಹತ್ತಿ ಎಲೆ ಕಸ ಬಾಚಬೇಕು, ನೀರು ಹೋಗುವ ಕೊಳವೆಯ ಬಾಯಿ ಬಿಡಿಸಬೇಕು, ಬಿರುಕು ಬಿಟ್ಟ ಕಡೆ ಗಾರೆ ಮೆತ್ತಬೇಕು. ಇದಕ್ಕೆ ದೊಡ್ಡ ತಜ್ಞರೇನೂ ಬೇಡ. ಒಬ್ಬ ಗಾರೆ ಕೆಲಸದವರು, ಒಬ್ಬ ಆಳು ಸಾಕು.

ಈ ಬಂಗಲೆಯಲ್ಲಿ ಏನಾಗಿದೆ ಗೊತ್ತಾ? ಈಶಾನ್ಯ ಮೂಲೆಯ ಕೊಳವೆಯ ಬಾಯಿ ಕಟ್ಟಿಕೊಂಡಿದೆ. ಅಲ್ಲಿ ಮಣ್ಣು ಕೂತಿದೆ, ಮಣ್ಣಲ್ಲಿ ಅರಳಿ ಸಸಿ ಬಂದಿದೆ, ಸಸಿ ಈಗ ನನ್ನ ಮಣಿಕಟ್ಟಿನಷ್ಟು ದಪ್ಪ. ಬೇರು ತಾರಸಿ ಅಂಚಿನ ಕೈಪಿಡಿ ಗೋಡೆಯನ್ನು ಸೀಳಿಕೊಂಡು ಕೆಳಗಿಳಿದಿದೆ. ನೀರು ಅದೇ ದಾರಿಯಲ್ಲಿ ಗೋಡೆಯೊಳಗೆ ಇಳಿದು, ಜಂತೆಗಳ ತುದಿ ಗೋಡೆಯಲ್ಲಿ ಕೂತಿರುವ ಕಡೆ ಸೇರಿದೆ. ಮರ ಮೊದಲು ಕೊಳೆಯೋದು ಅಲ್ಲೇ, ಗಾಳಿ ಬೆಳಕು ಇಲ್ಲದ ಆ ತುದಿಯಲ್ಲಿ. ಕೆಳಗೆ ನಿಂತು ನೋಡಿದರೆ ಕೋಣೆಯ ಚಾವಣಿ ಒಂದು ಮೂಲೆಯಲ್ಲಿ ಜೋತುಬಿದ್ದಿದೆ, ಅದನ್ನೇ ಫೋಟೋ ತೆಗೆದು ವರದಿಗೆ ಅಂಟಿಸಿದ್ದಾರೆ. ಉಳಿದ ಕೋಣೆಗಳ ಫೋಟೋ ವರದಿಯಲ್ಲಿ ಇಲ್ಲ. ಅಲ್ಲಿ ಜಂತೆಗಳು ನೇರವಾಗಿವೆ, ಬಡಿದರೆ ಗಟ್ಟಿ ಸದ್ದು ಬರುತ್ತದೆ, ಒಂದು ಬಿರುಕೂ ಇಲ್ಲ. ಅರಳಿ ಗಿಡ ಕಿತ್ತು, ಕೊಳೆತ ಜಂತೆಗಳ ತುದಿ ಮಾತ್ರ ಕತ್ತರಿಸಿ ಹೊಸ ತೇಗ ಜೋಡಿಸಿ ಬೋಲ್ಟ್ ಹಾಕಿದರೆ ಮುಗಿಯುವ ಕೆಲಸ ಇದು. ಹಲ್ಲು ಹುಳುಕಾಯಿತು ಅಂತ ಯಾರಾದರೂ ದವಡೆ ಕೀಳಿಸುತ್ತಾರಾ?

ಇನ್ನೊಂದು ವಿಷಯ ವರದಿ ಬರೆಯುವವರಿಗೆ. ಕಾಂಕ್ರೀಟಿನ ಬಲ ಅಳೆಯಲು ರಿಬೌಂಡ್ ಹ್ಯಾಮರ್ ಅಂತ ಒಂದು ಉಪಕರಣ ಇದೆ, ಬುಗ್ಗೆಯ ಸುತ್ತಿಗೆ. ಗೋಡೆಗೆ ಒತ್ತಿದರೆ ಅದು ಎಷ್ಟು ಪುಟಿಯುತ್ತದೆ ಎಂಬುದರ ಮೇಲೆ ಅಂಕಿ ಬರುತ್ತದೆ. ಆ ಅಂಕಿಯ ಪಟ್ಟಿ ತಯಾರಾಗಿರುವುದು ಸಿಮೆಂಟ್ ಕಾಂಕ್ರೀಟಿಗೆ. ಅದನ್ನು ತಂದು ಗಾರೆ ಬಳಿದ ಇಟ್ಟಿಗೆ ಗೋಡೆಗೆ ಒತ್ತಿ "ಬಲ ಸಾಲದು" ಅಂತ ಬರೆದರೆ ಏನು ಅರ್ಥ? ಗಾರೆ ಸಿಮೆಂಟಿನಷ್ಟು ಗಡಸು ಇರುವುದೇ ಇಲ್ಲ, ಇರಲೂ ಬಾರದು. ಗೋಡೆ ಚೂರು ಕದಲಿದರೆ ಅದು ಜತೆಗೆ ಕದಲುತ್ತದೆ, ಒಳಗೆ ಹೋದ ತೇವವನ್ನು ಹೊರಗೆ ಬಿಡುತ್ತದೆ. ಈ ಗೋಡೆಗಳು ದಪ್ಪದಿಂದ ನಿಂತಿವೆ, ಕಮಾನುಗಳು ಒಂದಕ್ಕೊಂದು ಆನಿಕೊಂಡು ನಿಂತಿವೆ. ಕಬ್ಬಿಣ ಕಟ್ಟಿದ ಚೌಕಟ್ಟಿನ ಲೆಕ್ಕದಲ್ಲಿ ಅವನ್ನು ಅಳೆಯೋಕೆ ಆಗಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿವಿಲ್ ಓದಿದ ಬಹಳಷ್ಟು ಮಂದಿ ಗಾರೆ ಕಟ್ಟಡದ ಬಗ್ಗೆ ಹೆಚ್ಚೇನೂ ಓದಿರುವುದಿಲ್ಲ. ಅದು ಅವರ ತಪ್ಪಲ್ಲ, ಪಠ್ಯ ಹಾಗಿದೆ. ಆದರೆ ಅವರ ಸಹಿಯ ಮೇಲೆ ಒಂದು ಮನೆ ಉರುಳುವಾಗ ಗೊತ್ತಿರುವವರನ್ನು ಕರೆಸೋದು ನಿಮ್ಮ ಜವಾಬ್ದಾರಿ ಅಲ್ವಾ? ಪಾರಂಪರಿಕ ಕಟ್ಟಡಗಳ ದುರಸ್ತಿಯಲ್ಲೇ ಪಳಗಿದ ವಾಸ್ತುಶಿಲ್ಪಿಗಳಿದ್ದಾರೆ, ಎಂಜಿನಿಯರುಗಳಿದ್ದಾರೆ. ಪರಂಪರೆ ಉಳಿಸಲೆಂದೇ ಇರುವ ಇನ್‌ಟ್ಯಾಕ್ ಸಂಸ್ಥೆ ಇದೆ. ಅಷ್ಟೇಕೆ, ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಕೇಂದ್ರ ಕಚೇರಿ ಇರೋದೇ ನಮ್ಮ ಮೈಸೂರಿನಲ್ಲಿ. ಬೆಂಗಳೂರಿಗೂ ಹೋಗಬೇಕಿಲ್ಲ, ಆಟೋದಲ್ಲಿ ಹೋಗಿ ಬರಬಹುದು.

"ಬಿದ್ದು ಜನ ಸತ್ತರೆ ಯಾರು ಹೊಣೆ?" ಅಂತ ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಈ ಊರಲ್ಲಿ ಆ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳೋಕೆ ಆಗುವುದಿಲ್ಲ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ವೈಸ್‌ರಾಯ್ ಲ್ಯಾನ್ಸ್‌ಡೌನ್ ಭೇಟಿಯ ನೆನಪಿಗೆ 1892ರಲ್ಲಿ ಕಟ್ಟಿದ್ದು ಅದು, ಹಳೇ ಪುಸ್ತಕದ ಅಂಗಡಿಗಳ ಸಾಲು ಅಂತಲೇ ನಮ್ಮಲ್ಲಿ ಎಷ್ಟೋ ಜನಕ್ಕೆ ಪರಿಚಯ. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಕಡೆ ಕುಸಿಯಿತು. 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೇ ಕಟ್ಟಡದ ಭಾಗ ಬಿತ್ತು. ತಿಂಗಳುಗಳನ್ನು ಗಮನಿಸಿ. ಆಗಸ್ಟ್, ಆಗಸ್ಟ್, ಅಕ್ಟೋಬರ್. ಮೂರೂ ಮಳೆ ಕಾಲ. ಮೂರೂ ಸಾರ್ವಜನಿಕ ಕಟ್ಟಡಗಳು, ಅಂದರೆ ದುರಸ್ತಿ ಮಾಡಬೇಕಾಗಿದ್ದವರು ಬಡ ವಾರಸುದಾರರಲ್ಲ. ಇದರಿಂದ ಹಳೇ ಕಟ್ಟಡಗಳೆಲ್ಲ ಅಪಾಯ ಅನ್ನೋ ಪಾಠ ಕಲಿತವರು ಬಹಳ ಮಂದಿ. ಸುಣ್ಣ ಬಣ್ಣಕ್ಕೆ ದಸರಾ ಬರೋದು ಕಾಯುತ್ತೇವೆ, ತಾರಸಿಗೆ ಮಾತ್ರ ಯಾವ ಹಬ್ಬವೂ ಇಲ್ಲ ಅನ್ನೋ ಪಾಠ ಕಲಿತವರು ಕಡಿಮೆ.

ಲ್ಯಾನ್ಸ್‌ಡೌನ್, ದೇವರಾಜ ಮಾರುಕಟ್ಟೆ ವಿಷಯದಲ್ಲಿ ಆಮೇಲೆ ಆಗಿದ್ದು ನಿಮಗೆ ಗೊತ್ತೇ ಇದೆ. ಒಂದು ಕಡೆಯ ತಜ್ಞರು ಕೆಡವಿ ಅಂದರು, ಇನ್ನೊಂದು ಕಡೆಯ ತಜ್ಞರು ಉಳಿಸಬಹುದು ಅಂದರು, ವಿಷಯ ಕೋರ್ಟಿಗೆ ಹೋಯಿತು, ವರ್ಷದ ಮೇಲೆ ವರ್ಷ ಮಳೆ ಸುರಿಯಿತು. ವಾದ ಯಾರೇ ಗೆಲ್ಲಲಿ, ಆ ಮಳೆಗಾಲಗಳಲ್ಲಿ ನೆನೆದದ್ದು ಕಟ್ಟಡ. ಅದಕ್ಕೇ ನಾನು ಗೋಗರೆಯುತ್ತಿರೋದು. ತೀರ್ಮಾನಕ್ಕೆ ಎಷ್ಟು ವರ್ಷ ಬೇಕೋ ತೆಗೆದುಕೊಳ್ಳಿ, ಆದರೆ ಮೊದಲ ವಾರದಲ್ಲೇ ಮೇಲೊಂದು ತಗಡಿನ ಹೊದಿಕೆ ಹಾಕಿಸಿ. ಅಪಾಯದ ಮೂಲೆಗೆ ಊರುಗಂಬ ಕೊಡಿ, ಜನ ಓಡಾಡದಂತೆ ಬೇಲಿ ಕಟ್ಟಿ. ಇದರಿಂದ ಜನವೂ ಉಳಿಯುತ್ತಾರೆ, ಕಟ್ಟಡವೂ ಉಳಿಯುತ್ತದೆ. ನಮ್ಮಲ್ಲಿ ಊರುಗಂಬಕ್ಕಿಂತ ಮುಂಚೆ ಜೆಸಿಬಿ ಬರುತ್ತದೆ, ಅದೇ ಬೇಜಾರು.

ಸರಿ, ಇನ್ನು "ಹಳೇದನ್ನೆಲ್ಲ ಇಟ್ಟುಕೊಂಡು ಊರು ಬೆಳೆಯೋದು ಹೇಗೆ" ಅನ್ನುವವರಿಗೆ. ಮೈಸೂರಿಗೆ ಯಾರೂ ಬೆಳವಣಿಗೆಯ ಪಾಠ ಹೇಳಬೇಕಿಲ್ಲ. 1897ರಲ್ಲಿ ಹಳೇ ಮರದ ಅರಮನೆ ಸುಟ್ಟುಹೋಯಿತು, ಅದರ ಹಿಂದೆಯೇ ಪ್ಲೇಗು ಬಂತು. ಆಮೇಲೆ ಈ ಊರು ಕೂತು ಯೋಚನೆ ಮಾಡಿ ತನ್ನನ್ನು ತಾನು ಕಟ್ಟಿಕೊಂಡಿತು. 1903ರಲ್ಲೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿಕೊಂಡ ಊರು ಇದು. ಅಗಲ ರಸ್ತೆ, ವೃತ್ತ, ಮನೆ ಹಿಂದೆ ಕಸ ಸಾಗಿಸಲು ಕನ್ಸರ್ವೆನ್ಸಿ ಗಲ್ಲಿ, ಗಾಳಿ ಬೆಳಕಿಗೆ ಜಾಗ. ಈ ಬಂಗಲೆಯೂ ಆ ಕಾಲದ್ದೇ. ಅಂದರೆ ಇದೇ ಆಗಿನ ನಗರಾಭಿವೃದ್ಧಿ. ಈಗ ಅಭಿವೃದ್ಧಿಗೆ ಅಡ್ಡ ಅಂತ ನಾವು ಕೆಡವಲು ಹೊರಟಿರೋದು ಅದನ್ನೇ. ತಮಾಷೆ ಅಲ್ವಾ?

ಉಳಿದ ಬಂಗಲೆಗಳು ಹೇಗೆ ಉಳಿದವು ಅಂತ ಸ್ವಲ್ಪ ನೋಡೋಣ. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ. ಹತ್ತನೇ ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗೆ 1905ರಲ್ಲಿ ಕಟ್ಟಿಸಿದ್ದು. ಮೈಸೂರು ವಿಶ್ವವಿದ್ಯಾಲಯ ಅದನ್ನು 1959ರಲ್ಲಿ ಕೊಂಡಿತು, ಆಮೇಲೆ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ಬಂತು. ಇನ್ನೊಬ್ಬ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಕಾರಂಜಿ ಮ್ಯಾನ್ಷನ್ ಅಂಚೆ ಇಲಾಖೆಯ ತರಬೇತಿ ಕೇಂದ್ರವಾಯಿತು. ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಸಿಎಫ್‌ಟಿಆರ್‌ಐ ಶುರುವಾಯಿತು, ದೇಶಕ್ಕೆಲ್ಲ ಆಹಾರ ತಂತ್ರಜ್ಞಾನ ಕಲಿಸುವ ಸಂಸ್ಥೆ ರಾಜಕುಮಾರಿಯೊಬ್ಬರ ಮನೆಯಲ್ಲಿ ಪ್ರಯೋಗಾಲಯ ಇಟ್ಟುಕೊಂಡು ಕೂತಿದೆ. ಲಲಿತ ಮಹಲ್ ಹೋಟೆಲ್ ಆಯಿತು. ಇವುಗಳಲ್ಲಿ ಯಾವುದನ್ನೂ ಯಾರೂ ಗಾಜಿನ ಪೆಟ್ಟಿಗೆಯಲ್ಲಿ ಇಡಲಿಲ್ಲ. ಒಳಗೆ ಜನ ಕೆಲಸ ಮಾಡುತ್ತಾರೆ, ಫ್ಯಾನ್ ತಿರುಗುತ್ತದೆ, ಸೋರಿದರೆ ಅವತ್ತೇ ಯಾರೋ ಬೈಯುತ್ತಾರೆ. ಉಳಿಸುವುದು ಅಂದರೆ ಇದು. ಇದಕ್ಕೆ ಉಲ್ಟಾ ಉದಾಹರಣೆಯೂ ಅಲ್ಲೇ ಇದೆ. ಜಯಲಕ್ಷ್ಮಿ ವಿಲಾಸಕ್ಕೆ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಈ ಶತಮಾನದ ಶುರುವಿನಲ್ಲಿ ಒಳ್ಳೇ ದುರಸ್ತಿ ಆಯಿತು. ಆದರೆ ವರ್ಷ ವರ್ಷದ ಪಾಲನೆ ಇಲ್ಲದೆ ಮತ್ತೆ ಹಾಳುಬಿತ್ತು. ಒಂದು ಸಲ ಕೋಟಿಗಟ್ಟಲೆ ಸುರಿದು ರಿಬ್ಬನ್ ಕತ್ತರಿಸಿ ಹೋದರೆ ಆಗಲ್ಲ. ಪ್ರತಿ ಮೇ ತಿಂಗಳು ಏಣಿ ಹಾಕಬೇಕು.

ಈಗ ಮಾಲೀಕರ ಕಡೆಗೆ ಬರೋಣ, ಯಾಕೆಂದರೆ ಪರಂಪರೆ ಪರಂಪರೆ ಅಂತ ಭಾಷಣ ಮಾಡುವ ನಮ್ಮಂಥವರು ಇಲ್ಲಿ ಬಹಳ ಸಲ ಅನ್ಯಾಯ ಮಾಡುತ್ತೇವೆ. ಮೂಲೆ ಸೈಟಿನ ಬೆಲೆ ಈಗ ಎಷ್ಟು ಅಂತ ಎಲ್ಲರಿಗೂ ಗೊತ್ತು. ಪಕ್ಕದವರು ಆರು ಅಂತಸ್ತು ಕಟ್ಟಿ ಬಾಡಿಗೆ ಎಣಿಸುತ್ತಿದ್ದರೆ ಇವರು ಮಾತ್ರ ಊರಿನ ಚಂದಕ್ಕೋಸ್ಕರ ಸೋರುವ ಮನೆಯಲ್ಲಿ ಬಕೆಟ್ ಇಟ್ಟುಕೊಂಡು ಕೂರಬೇಕಾ? ತೇಗ ಕೊಳ್ಳೋಕೆ ಹೋದರೆ ಜೀವ ಹೋಗುತ್ತದೆ. ಗಾರೆ ಕೆಲಸ ಬಲ್ಲವರು ಸಿಗೋದೇ ಕಷ್ಟ, ಸಿಕ್ಕರೂ ಕೂಲಿ ಜಾಸ್ತಿ. ಬ್ಯಾಂಕಿನವರು ಹಳೇ ಮನೆ ರಿಪೇರಿಗೆ ಸಾಲ ಅಂದರೆ ಮುಖ ತಿರುಗಿಸುತ್ತಾರೆ, ಕೆಡವಿ ಕಟ್ಟುತ್ತೀನಿ ಅಂದರೆ ಕುರ್ಚಿ ಹಾಕುತ್ತಾರೆ. ಹೀಗಿರುವಾಗ ಪಾರಂಪರಿಕ ಪಟ್ಟಿಗೆ ಮನೆ ಸೇರಿತು ಅಂದರೆ ಮಾಲೀಕರಿಗೆ ಅದು ಸನ್ಮಾನದ ಥರ ಕಾಣಲ್ಲ, ಶಿಕ್ಷೆಯ ಥರ ಕಾಣುತ್ತದೆ. ಪಟ್ಟಿ ಬರುತ್ತದೆ ಅನ್ನೋ ಸುದ್ದಿ ಕೇಳಿಯೇ ರಾತ್ರೋರಾತ್ರಿ ಮುಂಭಾಗ ಒಡೆಸುವವರನ್ನು ನಾನು ಬೈಯಬಲ್ಲೆ. ಆದರೆ ಅವರ ಲೆಕ್ಕ ನನಗೆ ಅರ್ಥವಾಗದೇ ಇಲ್ಲ.

ಅದಕ್ಕೆ ದಾರಿ ಇಲ್ಲವಾ? ಇದೆ, ಹೊಸದೇನೂ ಅಲ್ಲ. ರಸ್ತೆ ಅಗಲ ಮಾಡಲು ಜಾಗ ಬಿಟ್ಟವರಿಗೆ ಟಿಡಿಆರ್ ಕೊಡುವ ಪದ್ಧತಿ ನಮ್ಮ ರಾಜ್ಯದಲ್ಲೇ ಇದೆ. ಬಿಟ್ಟ ಜಾಗಕ್ಕೆ ಬದಲಾಗಿ ಬೇರೆ ಕಡೆ ಕಟ್ಟುವ ಹಕ್ಕು, ಬೇಡವಾದರೆ ಅದನ್ನು ಮಾರಿಕೊಳ್ಳಬಹುದು. ಅದೇ ಲೆಕ್ಕವನ್ನು ಇಲ್ಲಿ ಹಾಕಿ. ಈ ಸೈಟಿನಲ್ಲಿ ಕಾನೂನು ಪ್ರಕಾರ ಇಷ್ಟು ಚದರಡಿ ಕಟ್ಟಬಹುದಿತ್ತು, ಬಂಗಲೆ ಉಳಿಸಿದ್ದರಿಂದ ಇಷ್ಟು ಕಟ್ಟಲಾಗಲಿಲ್ಲ, ಆ ಉಳಿದ ಚದರಡಿಯನ್ನು ಊರ ಹೊರಗೆ ಬೆಳೆಯುತ್ತಿರುವ ಕಡೆ ಕಟ್ಟುವವರಿಗೆ ಮಾರಲಿ. ಬಂದ ದುಡ್ಡಲ್ಲಿ ಒಂದು ಪಾಲು ಬಂಗಲೆಯ ದುರಸ್ತಿಗೇ ಹೋಗಬೇಕು ಅಂತ ಶರತ್ತು ಹಾಕಿ. ನ್ಯೂಯಾರ್ಕ್‌ನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಮೇಲೆ ಗೋಪುರ ಕಟ್ಟಲು ಬಿಡಲಿಲ್ಲ ಅಂತ ರೈಲು ಕಂಪನಿ ಸುಪ್ರೀಂ ಕೋರ್ಟ್ ತನಕ ಹೋಗಿ 1978ರಲ್ಲಿ ಸೋತಿತು. ಅಲ್ಲಿ ಕೋರ್ಟು ಗಮನಿಸಿದ ಅಂಶಗಳಲ್ಲಿ ಇದೂ ಒಂದು, ಮಾಲೀಕರಿಗೆ ಆ ಹಕ್ಕನ್ನು ಬೇರೆ ಜಾಗಕ್ಕೆ ಸಾಗಿಸುವ ಅವಕಾಶ ಇತ್ತು ಅನ್ನೋದು. ಅಷ್ಟು ದೂರ ಬೇಡ ಅಂದರೆ ಮುಂಬೈ ಇದೆ, 1995ರಲ್ಲೇ ಊರಿಗೆ ಪಾರಂಪರಿಕ ಕಟ್ಟಡಗಳ ನಿಯಮಾವಳಿ ಮಾಡಿಕೊಂಡಿತು. ಜತೆಗೆ ಆಸ್ತಿ ತೆರಿಗೆ ಮಾಫಿ ಮಾಡಿ. ಬಂಗಲೆಯನ್ನು ಕೆಫೆ, ಕ್ಲಿನಿಕ್, ಹೋಂಸ್ಟೇ, ವಕೀಲರ ಕಚೇರಿ ಏನು ಬೇಕಾದರೂ ಮಾಡಿಕೊಳ್ಳಲು ಬಿಡಿ, ಗೋಡೆ ಒಡೆಯದಿದ್ದರೆ ಸಾಕು. ವಸತಿ ಪ್ರದೇಶ ಅಂತ ಹೇಳಿ ನಾಲ್ಕು ಟೇಬಲ್ಲಿನ ಕೆಫೆಗೆ ತಕರಾರು ತೆಗೆಯುವುದು, ಅದೇ ಜಾಗದಲ್ಲಿ ನಲವತ್ತು ಫ್ಲ್ಯಾಟಿಗೆ ಒಪ್ಪಿಗೆ ಕೊಡುವುದು, ಇದು ಯಾವ ಊರ ನ್ಯಾಯ?

ಮಧ್ಯದ ದಾರಿ ಅಂತ ಇನ್ನೊಂದು ಮಾತು ಕೇಳಿಬರುತ್ತಿದೆ. ಕೆಡವಿ ಅದೇ ಥರ ಮತ್ತೆ ಕಟ್ಟುತ್ತೇವೆ, ಹೊರಗಿಂದ ನೋಡಿದರೆ ಗೊತ್ತೇ ಆಗಲ್ಲ ಅಂತ. ಇಲ್ಲವೇ ಪೋರ್ಟಿಕೋ ಒಂದನ್ನು ಉಳಿಸಿ ಅದರ ಹಿಂದೆ ಟವರ್ ಎಬ್ಬಿಸುತ್ತೇವೆ ಅಂತ. ಎರಡೂ ನನಗೆ ಒಪ್ಪಿಗೆ ಇಲ್ಲ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಕಾಂಕ್ರೀಟಿನ ಕಂಬಕ್ಕೆ ಪ್ಲಾಸ್ಟರಿನ ಕಮಾನು ಅಂಟಿಸಿದರೆ ಅದು ಮದುವೆ ಛತ್ರದ ಅಲಂಕಾರ. ನೂರು ವರ್ಷದ ಹಿಂದೆ ಒಬ್ಬ ಗಾರೆಯವರು ಬೆರಳಲ್ಲಿ ತಿದ್ದಿದ ಬಳ್ಳಿಯ ಅಂಚು, ಸಾವಿರಾರು ಸಲ ತುಳಿದು ನಡುವೆ ಸವೆದ ಕಲ್ಲಿನ ಮೆಟ್ಟಿಲು, ಮಧ್ಯಾಹ್ನದ ಬಿಸಿಲಿಗೂ ತಣ್ಣಗಿರುವ ಆ ದಪ್ಪ ಗೋಡೆ, ಇದ್ಯಾವುದೂ ನಕಲಿನಲ್ಲಿ ಬರಲ್ಲ. ಪೋರ್ಟಿಕೋ ಮಾತ್ರ ಉಳಿಸೋದಂತೂ ಇನ್ನೂ ಕೆಟ್ಟದ್ದು. ಅದಕ್ಕಿಂತ ಪೂರ್ತಿ ಕೆಡವಿ, ಕಡೇಪಕ್ಷ ಕೆಡವಿದ್ದೇವೆ ಅಂತ ಒಪ್ಪಿಕೊಂಡಂತಾಗುತ್ತದೆ.

ಹಾಗಂತ ಪ್ರತಿಯೊಂದು ಹಳೇ ಗೋಡೆಯನ್ನೂ ಉಳಿಸಿ ಅಂತ ನಾನು ಹಟ ಹಿಡಿದಿಲ್ಲ. ಹಳೇದಾದ ಮಾತ್ರಕ್ಕೆ ಎಲ್ಲವೂ ಚೆನ್ನಾಗಿರಲ್ಲ. ಕೆಲವು ನಿಜಕ್ಕೂ ಕೈಮೀರಿರುತ್ತವೆ. ಅಂಥದ್ದನ್ನು ಅಳತೆ ಮಾಡಿ, ನಕ್ಷೆ ಬರೆದು, ಫೋಟೋ ತೆಗೆದು, ಬಾಗಿಲು ಕಿಟಕಿ ಬಿಚ್ಚಿಟ್ಟು ಬಿಟ್ಟುಕೊಡೋಣ. ಆದರೆ ಈ ಬಂಗಲೆ ಆ ಸಾಲಿಗೆ ಸೇರಲ್ಲ. ಸೇರುತ್ತದೆ ಅನ್ನುವವರು ವರದಿ ಪೂರ್ತಿ ಹೊರಗಿಡಲಿ, ಒಂದು ಮೂಲೆಯ ಫೋಟೋ ಅಲ್ಲ.

ಸರ್ಕಾರ ಕೆಡವಲು ತೀರ್ಮಾನಿಸಿದ ಮೇಲೂ ಕಟ್ಟಡ ಉಳಿದ ಉದಾಹರಣೆ ಇದೆಯಾ ಅಂತ ಒಬ್ಬರು ಕೇಳಿದರು. ಯಾಕಿಲ್ಲ. ಬೆಂಗಳೂರಿನ ಅಠಾರಾ ಕಚೇರಿ, ಈಗಿನ ಹೈಕೋರ್ಟ್. 1860ರ ದಶಕದಲ್ಲಿ ಕಟ್ಟಿದ ಆ ಕೆಂಪು ಕಟ್ಟಡವನ್ನು 1980ರ ದಶಕದಲ್ಲಿ ಕೆಡವಲು ಹೊರಟಿದ್ದರು. ಜನ ವಿರೋಧಿಸಿದರು, ಕೋರ್ಟಿಗೆ ಹೋದರು, ಕಟ್ಟಡ ಉಳಿಯಿತು. ಇವತ್ತು ವಿಧಾನಸೌಧದ ಎದುರು ಅದು ಇಲ್ಲ ಅಂತ ಊಹಿಸಿ ನೋಡಿ. ಹೈದರಾಬಾದಿನ ಇರ್ರಂ ಮಂಜಿಲ್ ಇನ್ನೂ ಹತ್ತಿರದ್ದು. ನವಾಬ್ ಫಕ್ರುಲ್ ಮುಲ್ಕ್ 19ನೇ ಶತಮಾನದಲ್ಲಿ ಕಟ್ಟಿಸಿದ ಅರಮನೆ, ಆಮೇಲೆ ಸರ್ಕಾರಿ ಕಚೇರಿ. ಅದನ್ನು ಕೆಡವಿ ಹೊಸ ವಿಧಾನಸಭೆ ಕಟ್ಟಲು ಸಚಿವ ಸಂಪುಟವೇ ತೀರ್ಮಾನ ಮಾಡಿತ್ತು. 2019ರ ಸೆಪ್ಟೆಂಬರ್‌ನಲ್ಲಿ ತೆಲಂಗಾಣ ಹೈಕೋರ್ಟ್ ಆ ತೀರ್ಮಾನವನ್ನು ರದ್ದು ಮಾಡಿತು. ಎರಡೂ ಕಡೆ ಗೆದ್ದಿದ್ದು ಜನ ಸುಮ್ನೆ ಕೂರದೇ ಇದ್ದಿದ್ದರಿಂದ. ಆದರೆ ಖಾಸಗಿ ಬಂಗಲೆಗೆ ಅಷ್ಟು ಜನ ಸೇರಲ್ಲ, ಅಷ್ಟು ಕ್ಯಾಮೆರಾ ಬರಲ್ಲ. ಶನಿವಾರ ರಾತ್ರಿ ಜೆಸಿಬಿ ಬಂದರೆ ಸೋಮವಾರ ಕಚೇರಿ ತೆರೆಯುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ಮೈಸೂರಿಗರೇ, ನಿಮಗೂ ಒಂದು ಮಾತು. ದಸರಾಕ್ಕೆ ಬಂದ ನೆಂಟರಿಗೆ "ನಮ್ಮ ಊರು ಪಾರಂಪರಿಕ ನಗರಿ" ಅಂತ ತೋರಿಸಿಕೊಂಡು ತಿರುಗುತ್ತೀರಿ. ತಿರುಗಿ, ಸಂತೋಷ. ಆದರೆ ನಿಮ್ಮ ಬೀದಿಯ ಹಳೇ ಮನೆಯ ಮೇಲೆ ಅರಳಿ ಗಿಡ ಕಂಡರೆ ಆ ಮನೆಯವರಿಗೆ ಒಂದು ಮಾತು ಹೇಳಿ, ಅವರಿಗೆ ವಯಸ್ಸಾಗಿದ್ದರೆ ಒಬ್ಬ ಆಳನ್ನು ಗೊತ್ತು ಮಾಡಿಕೊಡಿ. ಗೋಡೆ ತೇವ ಅಂತ ಯಾರಾದರೂ ಹಳೇ ಗಾರೆ ಕೆರೆದು ಸಿಮೆಂಟ್ ಬಳಿಯಲು ಹೊರಟರೆ ತಡೆಯಿರಿ. ಸಿಮೆಂಟು ತೇವವನ್ನು ಒಳಗೇ ಕೂಡಿಹಾಕುತ್ತದೆ, ಉಪ್ಪು ಕಟ್ಟಿ ಇಟ್ಟಿಗೆ ಪುಡಿಯಾಗುತ್ತದೆ, ಮೂರ್ನಾಲ್ಕು ವರ್ಷದಲ್ಲಿ ಮೊದಲಿಗಿಂತ ದೊಡ್ಡ ಕೆಲಸ ಬರುತ್ತದೆ. ಪಕ್ಕದ ಸೈಟಿನಲ್ಲಿ ಬೇಸ್‌ಮೆಂಟಿಗೆ ಆಳ ಅಗೆಯುತ್ತಿದ್ದರೆ, ನೀರು ಪಂಪು ಮಾಡಿ ಹೊರಗೆ ಬಿಡುತ್ತಿದ್ದರೆ ಫೋಟೋ ತೆಗೆದು ದೂರು ಕೊಡಿ, ಹಳೇ ಪಾಯ ಕುಸಿಯೋದು ಹಾಗೆಯೇ.

ಅಧಿಕಾರಿಗಳೇ, ನನ್ನ ಬೇಡಿಕೆ ದೊಡ್ಡದೇನಿಲ್ಲ. ಈ ಬಂಗಲೆಗೆ ಕೊಟ್ಟಿರುವ ಶಿಥಿಲ ಪ್ರಮಾಣಪತ್ರವನ್ನು ಸದ್ಯಕ್ಕೆ ತಡೆಹಿಡಿಯಿರಿ. ಗಾರೆ ಕಟ್ಟಡ ಬಲ್ಲ ಎಂಜಿನಿಯರ್ ಒಬ್ಬರಿಂದ ಎಲ್ಲ ಕೋಣೆಗಳನ್ನೂ ನೋಡಿಸಿ, ಯಾವ ಪರೀಕ್ಷೆ ಎಲ್ಲಿ ಮಾಡಿದರು ಅಂತ ವರದಿಯಲ್ಲಿ ಬರೆಸಿ, ಅದನ್ನು ಕನ್ನಡದಲ್ಲಿ ಸಾರ್ವಜನಿಕರಿಗೆ ಓದಲು ಇಡಿ. ಅಲ್ಲಿಯ ತನಕ ಹಿಂದೆ ಮುಂದೆ ಯಾವ ಗೋಡೆಯನ್ನೂ ಮುಟ್ಟದಂತೆ ಲಿಖಿತ ಆದೇಶ ಕೊಡಿ, ಬಾಯಿಮಾತಿನ ಭರವಸೆ ಸಾಲದು, ಲಾಯಕ್ಕೂ ಬಾಯಿಮಾತಿನ ಭರವಸೆಯೇ ಇತ್ತು. ವಾರಸುದಾರರನ್ನು ಒಂದು ದಿನ ಕೂರಿಸಿ ಟಿಡಿಆರ್, ತೆರಿಗೆ, ಬಾಡಿಗೆ ಎಲ್ಲದರ ಲೆಕ್ಕ ಕಾಗದದ ಮೇಲೆ ತೋರಿಸಿ, ನೋಟಿಸಿನ ಭಾಷೆಯಲ್ಲಿ ಅಲ್ಲ, ಮನುಷ್ಯರ ಭಾಷೆಯಲ್ಲಿ. ಅವರಲ್ಲಿ ಒಬ್ಬರಿಗಾದರೂ ಮನೆ ಉಳಿಸುವ ಆಸೆ ಇದೆ ಅಂತ ನನಗೆ ಗೊತ್ತು, ಅವರೇ ನನ್ನನ್ನು ತಾರಸಿಗೆ ಕರೆದುಕೊಂಡು ಹೋಗಿದ್ದು.

ಮುಂಗಾರು ಕೇರಳ ಮುಟ್ಟುವ ಮುಂಚೆ ಈಶಾನ್ಯ ಮೂಲೆಯ ಮೇಲೆ ತಗಡು ಬೀಳಬೇಕು. ಖರ್ಚು ಯಾರದ್ದು ಅನ್ನೋ ತಕರಾರು ಬಂದರೆ ಹೇಳಿ, ಬೀದಿಯವರು ಸೇರಿ ಹಾಕಿಸಲು ತಯಾರಿದ್ದೇವೆ. ನಮಗೆ ಬೇಕಿರೋದು ಮೇಲೆ ಹತ್ತಲು ನಿಮ್ಮ ಅನುಮತಿ ಪತ್ರ ಒಂದು.

ಇಂತಿ,
ಮೈಸೂರಿನ ಒಬ್ಬ ತೆರಿಗೆದಾರ